ತಾಸುಗಳ ಲೆಕ್ಕ

ನಮ್ಮ ಕಡೆಯ ಮಾತಿನಲ್ಲಿ ‘ತಾಸು’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಗಡಿಯಾರದ ಅರವತ್ತು ನಿಮಿಷವೂ ತಾಸು. ಶಾಲೆಯಲ್ಲಿ ಒಂದು ಗಂಟೆ ಬಾರಿಸಿದಾಗ ಮೊದಲಾಗಿ ಮತ್ತೊಂದು ಗಂಟೆಗೆ ಮುಗಿಯುವ ಪಾಠದ ಅವಧಿಯೂ ತಾಸು. ಅದು ನಲವತ್ತು ನಿಮಿಷದ್ದಾಗಿರಲಿ, ಐವತ್ತೈದು ನಿಮಿಷದ್ದಾಗಿರಲಿ, ಹೆಸರು ಒಂದೇ. ಮೊದಲನೆಯ ತಾಸು ಗಣಿತ, ಎರಡನೆಯ ತಾಸು ಕನ್ನಡ ಎಂದು ಚಿಕ್ಕೋಡಿಯ ಹುಡುಗ ಹೇಳುವಾಗ ಆತನ ದಿನವೂ ಶಾಲೆಯ ದಿನವೂ ಒಂದೇ ದಾರದಲ್ಲಿ ಪೋಣಿಸಿದಂತಿರುತ್ತವೆ. ಹನ್ನೆರಡನೆಯ ಇಯತ್ತೆಯವರೆಗೆ ಇದು ಹೀಗೆಯೇ ನಡೆಯುತ್ತದೆ. ಪದವಿ ಕಾಲೇಜಿನ ಮೊದಲ ವಾರದಲ್ಲಿ ಈ ಎರಡು ಅರ್ಥಗಳು ಬೇರೆಯಾಗುತ್ತವೆ. ಹತ್ತಕ್ಕೆ ಒಂದು ಪಾಠ, ಹನ್ನೊಂದಕ್ಕೆ ಏನೂ ಇಲ್ಲ, ಹನ್ನೆರಡಕ್ಕೆ ಮತ್ತೊಂದು, ಆಮೇಲೆ ಎರಡರವರೆಗೆ ಬಿಡುವು. ಪಾಠದ ತಾಸು ಯಾವುದು, ತನ್ನ ತಾಸು ಯಾವುದು ಎಂಬುದನ್ನು ಹದಿನೆಂಟು ವರ್ಷದ ವಿದ್ಯಾರ್ಥಿ ಮೊದಲ ಬಾರಿಗೆ ತಾನೇ ನಿರ್ಣಯಿಸಬೇಕಾಗುತ್ತದೆ. ಅದನ್ನು ನಿರ್ಣಯಿಸುವ ಬಗೆ ಹೇಗೆ ಎಂಬುದೇ ಈ ಹೊತ್ತಿನ ಮಾತಿನ ವಿಷಯ.

ಒಂದು ಕಾಲಕ್ಕೆ ಈ ಭಾಗದವರಿಗೆ ಕಾಲೇಜೆಂದರೆ ಊರು ಬಿಡುವುದೆಂದೇ ಅರ್ಥವಾಗಿತ್ತು. ಸಾಂಗಲಿಯ ವಿಲಿಂಗ್ಡನ್ ಕಾಲೇಜು ಆರಂಭವಾದದ್ದು 1919ರಲ್ಲಿ; ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ಅವೆರಡಕ್ಕಿಂತಲೂ ಹಳೆಯದು ಕೊಲ್ಹಾಪುರದ ರಾಜಾರಾಮ ಕಾಲೇಜು. ಪದವಿ ದೊರೆಯುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದಿಂದ. ರಂ. ಶ್ರೀ. ಮುಗಳಿಯವರು ಬಹುಕಾಲ ಕನ್ನಡ ಕಲಿಸಿದ್ದು ಸಾಂಗಲಿಯಲ್ಲಿ. ವಿನಾಯಕ ಕೃಷ್ಣ ಗೋಕಾಕರು ಅದೇ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾಗಿದ್ದು ಮುಂದೆ ರಾಜಾರಾಮ ಕಾಲೇಜಿಗೂ ಪ್ರಾಚಾರ್ಯರಾದರು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಮೊದಲು ಮಾಡಿ ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳನ್ನು ಕಟ್ಟಿಸಿಕೊಟ್ಟರು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಹೀಗೆ ವಸತಿಗೃಹದಲ್ಲಿ ನಿಂತು ಓದಿದ ಹುಡುಗನಿಗೂ ಅವನ ತರಗತಿಗೂ ನಡುವೆ ಇದ್ದುದು ನಾಲ್ಕು ಹೆಜ್ಜೆಯ ದೂರ. ಊಟಕ್ಕೆ ಗಂಟೆ, ಓದಿಗೆ ಗಂಟೆ, ದೀಪ ಆರಿಸುವುದಕ್ಕೂ ಗಂಟೆ. ಅವನ ವೇಳಾಪಟ್ಟಿಯನ್ನು ಬೇರೆಯವರು ಬರೆದಿಡುತ್ತಿದ್ದರು; ಬಡತನ, ಊರಿನ ನೆನಪು ಏನೇ ಇದ್ದರೂ ಹೊತ್ತು ಮಾತ್ರ ಇಡಿಯಾಗಿ ಅವನದಾಗಿತ್ತು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದ ಮೇಲೆ ಸ್ಥಿತಿ ಮೆಲ್ಲಮೆಲ್ಲನೆ ಬದಲಾಯಿತು. ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳಲ್ಲಿ ಕೆ.ಎಲ್.ಇ. ಸಂಸ್ಥೆಯ ಕಾಲೇಜುಗಳು ನಿಂತವು; ಕಾಗವಾಡದಲ್ಲಿ ಶಿವಾನಂದ ಕಾಲೇಜು ಬಂದಿತು; ಸರಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲ್ಲೂಕು ಊರುಗಳನ್ನು ಮುಟ್ಟಿದವು. 2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಇದರಿಂದ ಆದ ಉಪಕಾರವನ್ನು ಎಷ್ಟು ನೆನೆದರೂ ಕಡಿಮೆಯೇ. ಕಾಲೇಜು ಊರಿನ ಹತ್ತಿರಕ್ಕೆ ಬಂದುದರಿಂದ ವಿದ್ಯಾರ್ಥಿ ಮನೆಯಲ್ಲಿಯೇ ಉಳಿದ. ಆದರೆ ಮನೆಯಲ್ಲಿ ಉಳಿದುದರಿಂದಲೇ ಅವನ ವೇಳಾಪಟ್ಟಿಯೊಳಗೆ ಬಸ್ಸು ಬಂದಿತು, ಎಮ್ಮೆ ಬಂದಿತು, ಕಬ್ಬು ಬಂದಿತು. ನಗರದ ವಿದ್ಯಾರ್ಥಿಗಾಗಿ ಬರೆದ ಅಭ್ಯಾಸಕ್ರಮದ ಪುಸ್ತಕಗಳಲ್ಲಿ ಈ ಮೂರಕ್ಕೂ ಕಾಲಂ ಇರುವುದಿಲ್ಲ.

ವೇಳಾಪಟ್ಟಿಯ ಮಾತಿಗಿಂತ ಮೊದಲು ವಿಷಯಗಳ ಆಯ್ಕೆಯ ಮಾತು. ವೇಳಾಪಟ್ಟಿಯ ಬೀಜ ಅಲ್ಲಿಯೇ ಇದೆ. ಇಂದು ಪ್ರವೇಶದ ಅರ್ಜಿಯನ್ನು ಯುಯುಸಿಎಂಎಸ್ ಎಂಬ ರಾಜ್ಯದ ಗಣಕ ವ್ಯವಸ್ಥೆಯ ಮೂಲಕ ತುಂಬಬೇಕು. ಬಸ್ ನಿಲ್ದಾಣದ ಬದಿಯ ಕಂಪ್ಯೂಟರ್ ಅಂಗಡಿಯಲ್ಲಿ ಸಾಲು ಹಚ್ಚಿ, ಯಾವ ಮೂರು ವಿಷಯ ಎಂದು ಅಂಗಡಿಯವನು ಕೇಳಿದಾಗ, ಹಿಂದಿನವನು ಹೇಳಿದ್ದನ್ನೇ ಹೇಳಿ ಬರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಮೂರು ವರ್ಷದ ಹೊತ್ತು ಯಾವುದಕ್ಕೆ ಸಲ್ಲಬೇಕೆಂಬುದು ಆ ಒಂದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಮುಂದೆ ಎಂ.ಎ. ಮಾಡುವವನಿಗೆ ಆ ವಿಷಯ ಪದವಿಯಲ್ಲಿ ಐಚ್ಛಿಕವಾಗಿ ಇದ್ದಿರಬೇಕಾಗುತ್ತದೆ, ಬಿ.ಎಡ್. ಮಾಡಿ ಮಾಸ್ತರಿಕೆ ಹಿಡಿಯಬೇಕೆನ್ನುವವಳು ಶಾಲೆಯಲ್ಲಿ ಕಲಿಸುವ ವಿಷಯಗಳನ್ನೇ ಓದಿರಬೇಕಾಗುತ್ತದೆ. ಈ ಎರಡು ಪ್ರಶ್ನೆಗಳನ್ನು ಕಾಲೇಜಿನ ಒಬ್ಬ ಉಪನ್ಯಾಸಕರ ಮುಂದಿಟ್ಟು, ಉತ್ತರ ಪಡೆದು, ಆಮೇಲೆ ಅಂಗಡಿಗೆ ಹೋದರೆ ಅರ್ಧ ದಿನ ಹೋಗುತ್ತದೆ. ಮೂರು ವರ್ಷ ಉಳಿಯುತ್ತವೆ.

ನಿಪ್ಪಾಣಿಯವರಿಗೆ ಇನ್ನೂ ಒಂದು ಕವಲಿದೆ. ಊರಿನ ಅಂಚಿನಲ್ಲಿರುವ ಅರ್ಜುನನಗರದ ದೇವಚಂದ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಆದರೆ ಅದು ಮಹಾರಾಷ್ಟ್ರದ ನೆಲದಲ್ಲಿದ್ದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಒಂದೇ ಓಣಿಯ ಇಬ್ಬರು ಗೆಳತಿಯರಲ್ಲಿ ಒಬ್ಬಳ ಪರೀಕ್ಷೆ ಬೆಳಗಾವಿಯ ಲೆಕ್ಕದಲ್ಲಿ, ಮತ್ತೊಬ್ಬಳದು ಕೊಲ್ಹಾಪುರದ ಲೆಕ್ಕದಲ್ಲಿ ನಡೆಯುತ್ತದೆ. ಒಬ್ಬರ ವೇಳಾಪಟ್ಟಿಯನ್ನು ನೋಡಿ ಇನ್ನೊಬ್ಬರು ತಮ್ಮದನ್ನು ಬರೆದುಕೊಳ್ಳುವಂತಿಲ್ಲ.

ಅಕ್ಕನ ವೇಳಾಪಟ್ಟಿ ತಂಗಿಗೆ ಬರುತ್ತದೆಯೇ ಎಂದರೆ ಅದೂ ಇಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯ ಚೌಕಟ್ಟು ಬಂದಿತು. 2024-25ರಿಂದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ ಮತ್ತೆ ಮೂರು ವರ್ಷದ ಪದವಿಯಾಯಿತು. 2020ರಲ್ಲಿ ಸೇರಿದ ಅಕ್ಕ, 2022ರಲ್ಲಿ ಸೇರಿದ ಅಣ್ಣ, 2024ರಲ್ಲಿ ಸೇರಿದ ತಮ್ಮ, ಒಂದೇ ಮನೆಯವರಾದರೂ ಮೂರು ಬೇರೆ ಪದ್ಧತಿಗಳಲ್ಲಿ ಓದಿದವರು. ಆದುದರಿಂದ ಹಿರಿಯರ ಪುಸ್ತಕಗಳನ್ನು ಪಡೆಯುವುದು ಒಳ್ಳೆಯದೇ, ಅವರ ಪಾಠದ ಪಟ್ಟಿಯನ್ನು ಪಡೆಯುವುದು ಅಪಾಯ. ತನ್ನ ವರ್ಷದ ಪಠ್ಯಕ್ರಮವನ್ನು ಪ್ರತಿಯೊಬ್ಬನೂ ತಾನೇ ತೆಗೆದು ನೋಡಬೇಕು.

ಇನ್ನು ಸೂಚನಾಫಲಕದ ಮೇಲೆ ಹಚ್ಚುವ ಪಟ್ಟಿಯ ವಿಚಾರ. ಇದನ್ನು ಆಕಾಶದಿಂದ ಇಳಿದ ಶಾಸನವೆಂದು ಹೊಸಬರು ತಿಳಿಯುತ್ತಾರೆ. ಅದನ್ನು ರಚಿಸುವ ಉಪನ್ಯಾಸಕರ ಸಮಿತಿಯ ಪಾಡು ಅವರಿಗೆ ತಿಳಿದಿರುವುದಿಲ್ಲ. ಭಾಷೆಯ ತರಗತಿಗೆ ಎಲ್ಲ ಗುಂಪಿನವರೂ ಕೂಡಿ ಬರಬೇಕು. ಆದ್ದರಿಂದ ಕನ್ನಡ, ಹಿಂದಿ, ಮರಾಠಿ ಮುಂತಾದ ಭಾಷೆಗಳನ್ನು ಒಂದೇ ತಾಸಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ನಡೆಸುತ್ತಾರೆ. ಹಾಗೆಯೇ ಐಚ್ಛಿಕ ವಿಷಯಗಳನ್ನು ಕಂತೆ ಕಂತೆಯಾಗಿ ಕಟ್ಟುತ್ತಾರೆ. ಇತಿಹಾಸವೂ ಭೂಗೋಳವೂ ಒಂದೇ ಕಂತೆಯಲ್ಲಿದ್ದರೆ ಅವು ಒಂದೇ ಹೊತ್ತಿಗೆ ನಡೆಯುತ್ತವೆ, ಎರಡನ್ನೂ ಕೂಡಿಸಿ ಓದುವ ಅವಕಾಶ ಆ ಕಾಲೇಜಿನಲ್ಲಿ ಇರುವುದಿಲ್ಲ. ಪ್ರಯೋಗಾಲಯ ಒಂದೇ ಇದ್ದರೆ ವಿಜ್ಞಾನದವರನ್ನು ತಂಡಗಳಾಗಿ ಒಡೆದು ಮಧ್ಯಾಹ್ನಕ್ಕೆ ನೂಕುತ್ತಾರೆ. ಅತಿಥಿ ಉಪನ್ಯಾಸಕರಿಗೆ ವಾರಕ್ಕೆ ಇಂತಿಷ್ಟೇ ತಾಸು ಎಂಬ ಮಿತಿ ಇರುವುದರಿಂದ ಅವರ ಪಾಠಗಳನ್ನು ಅವರು ಬರುವ ದಿನಗಳಿಗೇ ಹೊಂದಿಸಬೇಕು. ಎಷ್ಟು ಎಚ್ಚರದಿಂದ ನೇಯ್ದರೂ ನಡುನಡುವೆ ತೂತುಗಳು ಉಳಿಯುತ್ತವೆ. ಆ ತೂತುಗಳೇ ವಿದ್ಯಾರ್ಥಿಯ ಖಾಲಿ ತಾಸುಗಳು. ಅವು ಯಾರ ಉದಾಸೀನದ ಫಲವೂ ಅಲ್ಲ, ಲೆಕ್ಕದ ಶೇಷ.

ಮೊದಲ ಎರಡು ವಾರ ಈ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಶಾಯಿಯಲ್ಲಿ ಬರೆದುಕೊಂಡು ಬಣ್ಣ ಹಚ್ಚುವ ಉತ್ಸಾಹವನ್ನು ಮೂರನೆಯ ವಾರಕ್ಕೆ ಇಟ್ಟುಕೊಳ್ಳಬೇಕು. ಅಲ್ಲಿಯವರೆಗೆ ಸೀಸದ ಕಡ್ಡಿಯೇ ಸಾಕು.

ಪಟ್ಟಿ ನಿಂತ ಮೇಲೆ ಅದನ್ನು ಓದುವ ಕ್ರಮವೊಂದಿದೆ. ನಗರದವನು ಅದನ್ನು ವಿಷಯದ ಕಡೆಯಿಂದ ಓದಬಹುದು. ಹಳ್ಳಿಯಿಂದ ಬರುವವನು ಬಸ್ಸಿನ ಕಡೆಯಿಂದ ಓದಬೇಕು. ಅಂದರೆ ಮೊದಲು ನೋಡಬೇಕಾದುದು ದಿನದ ಎರಡು ತುದಿಗಳನ್ನು: ಮೊದಲನೆಯ ತಾಸಿನಲ್ಲಿ ಯಾವ ವಿಷಯ, ಕೊನೆಯ ತಾಸಿನಲ್ಲಿ ಯಾವ ವಿಷಯ? ಹಾಜರಿಯ ನಿಯಮ ನೂರಕ್ಕೆ 75. ಅದನ್ನು ಎಲ್ಲ ವಿಷಯಗಳನ್ನೂ ಕೂಡಿಸಿ ನೋಡುವುದಿಲ್ಲ, ಪ್ರತಿ ವಿಷಯಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಒಂದು ವಿಷಯಕ್ಕೆ ವಾರದಲ್ಲಿ ನಾಲ್ಕು ತಾಸು, ಸೆಮಿಸ್ಟರಿಗೆ ಹದಿನೈದು ವಾರ ಎಂದಿಟ್ಟುಕೊಳ್ಳಿ; ಒಟ್ಟು 60 ಪಾಠಗಳು. ಅವುಗಳಲ್ಲಿ 45ಕ್ಕೆ ಹಾಜರಿರಲೇಬೇಕು, ತಪ್ಪಿಸಿಕೊಳ್ಳಬಹುದಾದುದು 15. ಈಗ ಆ ವಿಷಯ ಯಾವಾಗಲೂ ಮೊದಲನೆಯ ತಾಸಿಗೇ ಇದ್ದು, ಬಸ್ಸು ವಾರಕ್ಕೆ ಒಂದೇ ಒಂದು ದಿನ ಇಪ್ಪತ್ತು ನಿಮಿಷ ತಡವಾಯಿತೆನ್ನಿ. ಹದಿನೈದು ವಾರಕ್ಕೆ ಹದಿನೈದು ಪಾಠ ಹೋದವು. ಜ್ವರಕ್ಕೆ, ಸೋದರತ್ತೆಯ ಮಗಳ ಮದುವೆಗೆ, ಊರ ಜಾತ್ರೆಗೆ ಒಂದು ದಿನವೂ ಉಳಿಯಲಿಲ್ಲ. ನಡುವಿನ ವಿಷಯಗಳಲ್ಲಿ ನೂರಕ್ಕೆ ತೊಂಬತ್ತೈದು ಹಾಜರಿ ಇದ್ದ ಹುಡುಗ ಒಂದೇ ವಿಷಯದಲ್ಲಿ ಪರೀಕ್ಷೆಯ ಹೊಸ್ತಿಲಲ್ಲಿ ನಿಲ್ಲುವುದು ಹೀಗೆ. ಇದನ್ನು ಸೋಮಾರಿತನವೆಂದು ಕರೆಯುವುದು ಸುಲಭ. ಕಾರಣ ಮಾತ್ರ ಬಸ್ಸಿನಲ್ಲಿದೆ. ಆದುದರಿಂದ ಮೊದಲ ತಿಂಗಳಿನಲ್ಲಿಯೇ ಈ ತುದಿಯ ವಿಷಯಗಳನ್ನು ಗುರುತಿಸಿ, ಸಾಧ್ಯವಿದ್ದರೆ ಒಂದು ಮುಂಚಿನ ಬಸ್ಸನ್ನು ಹಿಡಿಯಬೇಕು. ಆಗದಿದ್ದರೆ ಅದೇ ಹಾದಿಯಿಂದ ಬರುವ ಹತ್ತು ಮಂದಿ ಕೂಡಿ ಪ್ರಾಚಾರ್ಯರನ್ನು ಕಾಣಬೇಕು. ಒಬ್ಬನ ಮನವಿಗೆ ಪಟ್ಟಿ ಬದಲಾಗಲಾರದು. ಒಂದು ಹಾದಿಯ ವಿದ್ಯಾರ್ಥಿಗಳೆಲ್ಲ ಒಟ್ಟಾಗಿ ಕೇಳಿದರೆ ಸಾರಿಗೆ ಘಟಕಕ್ಕೆ ಕಾಲೇಜಿನಿಂದ ಪತ್ರವಾದರೂ ಹೋಗುತ್ತದೆ.

ಈಗ ಕ್ರೆಡಿಟ್ ಎಂಬ ಶಬ್ದಕ್ಕೆ ಬರೋಣ. ಅಂಕಪಟ್ಟಿಯಲ್ಲಿ ಇದನ್ನು ಎಲ್ಲರೂ ನೋಡುತ್ತಾರೆ, ಅರ್ಥವನ್ನು ಕೇಳುವವರು ಕಡಿಮೆ. ವಾರಕ್ಕೆ ಒಂದು ತಾಸಿನ ಪಾಠ, ಅಥವಾ ಎರಡು ತಾಸಿನ ಪ್ರಯೋಗ, ಒಂದು ಸೆಮಿಸ್ಟರಿನುದ್ದಕ್ಕೂ ನಡೆದರೆ ಅದು ಒಂದು ಕ್ರೆಡಿಟ್. ಆದರೆ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ಟಿಗೆ 30 ತಾಸಿನ ಕಲಿಕೆ ಎಂದು ಹೇಳಿದೆ. ಪಾಠ ನಡೆಯುವುದು ಹದಿನೈದು ತಾಸು. ಮಿಕ್ಕ ಹದಿನೈದು ಎಲ್ಲಿ? ಅವು ವಿದ್ಯಾರ್ಥಿಯ ಪಾಲಿನವು: ಓದಿ, ಬರೆದು, ಮನನ ಮಾಡುವ ಹೊತ್ತು. ಲೆಕ್ಕದ ಅನುಕೂಲಕ್ಕಾಗಿ ಒಂದು ಸೆಮಿಸ್ಟರಿಗೆ 24 ಕ್ರೆಡಿಟ್ ಎಂದು ಹಿಡಿದರೆ, ವಾರಕ್ಕೆ 24 ತಾಸು ತರಗತಿಯಲ್ಲಿ, ಮತ್ತೆ 24 ತಾಸು ತರಗತಿಯ ಹೊರಗೆ. ಸೂಚನಾಫಲಕದ ಪಟ್ಟಿ ಮೊದಲಿನ 24ನ್ನು ಮಾತ್ರ ತೋರಿಸುತ್ತದೆ. ಎರಡನೆಯ 24ಕ್ಕೆ ಯಾರೂ ಗಂಟೆ ಬಾರಿಸುವುದಿಲ್ಲ.

ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳುವುದು ಇನ್ನೂ ಕಷ್ಟ. ‘ದಿನಕ್ಕ ನಾಲ್ಕ ತಾಸಿನ ಸಾಲಿ ಅಂತೀದಿ, ಮುಂಜಾನಿಂದ ಸಂಜಿತನಕಾ ಅಲ್ಲಿ ಏನ್ ಮಾಡ್ತೀದಿ ಯವ್ವಾ?’ ಎಂದು ತಂದೆ ಕೇಳಿದರೆ ಅದರಲ್ಲಿ ಸಂಶಯಕ್ಕಿಂತ ಲೆಕ್ಕ ಹೆಚ್ಚಾಗಿರುತ್ತದೆ. ಆ ಲೆಕ್ಕಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು.

ವಾರಕ್ಕೆ 168 ತಾಸುಗಳು. ರಾಯಬಾಗದ ಒಂದು ಹಳ್ಳಿಯಿಂದ ಬರುವ ವಿದ್ಯಾರ್ಥಿಯ ವಾರವನ್ನು ತೂಗಿ ನೋಡೋಣ. ನಿದ್ರೆಗೆ ದಿನಕ್ಕೆ ಏಳರಂತೆ 49. ಆರು ದಿನದ ಪ್ರಯಾಣಕ್ಕೆ, ನಿಲ್ದಾಣದಲ್ಲಿ ಕಾಯುವುದೂ ಸೇರಿ, 15. ಕಾಲೇಜಿನ ಆವರಣದಲ್ಲಿ ಕಳೆಯುವುದು 36. ಅದರಲ್ಲಿ ಪಾಠ 24, ಖಾಲಿ 12. ಸ್ನಾನ, ಊಟ ಮುಂತಾದವಕ್ಕೆ 18. ಹಾಲು ಹಿಂಡುವುದು, ಮೇವು ತರುವುದು, ನೀರು ಹಾಯಿಸುವುದು, ಅಂಗಡಿಯಲ್ಲಿ ಕೂರುವುದು, ನಿಪ್ಪಾಣಿಯ ಹುಡುಗಿಯಾದರೆ ತಾಯಿಯೊಡನೆ ಬೀಡಿ ಕಟ್ಟುವುದು, ಇಂಥ ಮನೆಗೆಲಸಕ್ಕೆ ದಿನಕ್ಕೆ ಮೂರರಂತೆ 21. ಎಲ್ಲ ಕೂಡಿದರೆ 139. ಉಳಿದುದು 29. ಬೇಕಾದುದು 24. ಕಾಗದದ ಮೇಲೆ ಐದು ತಾಸು ಮಿಗುತ್ತವೆ ಕೂಡ.

ಆದರೆ ಆ 29 ತಾಸು ಇಡಿಯಾಗಿಲ್ಲ. ನುಚ್ಚಾಗಿದೆ. ಮುಂಜಾನೆ ಹಾಲು ಹಾಕಿ ಬಂದ ಮೇಲೆ ಅರ್ಧ ತಾಸು, ಸಂಜೆ ನೆಂಟರು ಬರುವವರೆಗೆ ಮುಕ್ಕಾಲು ತಾಸು, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ತಾಸು, ಅದೂ ಕೈಯಲ್ಲಿ ಮೊಬೈಲ್ ಇಲ್ಲದಿದ್ದರೆ. ನಮ್ಮ ವಿದ್ಯಾರ್ಥಿಗೆ ಹೊತ್ತಿನ ಬಡತನವಿದೆ ಎನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಇರುವ ಹೊತ್ತು ಪುಡಿಯಾಗಿದೆ ಎನ್ನುವುದು ಹೆಚ್ಚು ಸರಿ. ಇಡಿಯ ಹೊತ್ತು ಎಂದು ಅವನಿಗೆ ದೊರೆಯುವುದು ಕಾಲೇಜಿನ ಆ ಹನ್ನೆರಡು ಖಾಲಿ ತಾಸುಗಳು ಮಾತ್ರ. ಅಲ್ಲಿ ಎಮ್ಮೆಯಿಲ್ಲ, ನೆಂಟರಿಲ್ಲ. ಗ್ರಂಥಾಲಯವಿದೆ, ಶಬ್ದಕೋಶವಿದೆ, ಸಂದೇಹ ಬಂದರೆ ಕೇಳಲು ಗುರುಗಳಿದ್ದಾರೆ. ಬೇಕಾದ 24ರಲ್ಲಿ ಸರಿಯಾಗಿ ಅರ್ಧ ಅಲ್ಲಿಯೇ ಬಿದ್ದಿದೆ. ಅದನ್ನು ಕ್ಯಾಂಟೀನಿನ ಕಟ್ಟೆಯ ಮೇಲೆ ಪೂರ್ತಿ ಸುರಿಯಬಾರದು. ಪೂರ್ತಿ ಎಂದೆ, ವಾರಕ್ಕೆ ಎರಡು ತಾಸು ಸುರಿದರೆ ಯಾರ ಗಂಟೂ ಹೋಗದು, ಗೆಳೆತನವೂ ಕಾಲೇಜಿನಲ್ಲಿ ಕಲಿಯುವ ವಿಷಯವೇ.

ಆದುದರಿಂದ ಓದನ್ನು ಹಂಚುವಾಗ ವಿಷಯಕ್ಕೆ ತಕ್ಕಂತೆ ಹಂಚದೆ ಸ್ಥಳಕ್ಕೆ ತಕ್ಕಂತೆ ಹಂಚುವುದು ಲೇಸು. ‘ಸೋಮವಾರ ಅರ್ಥಶಾಸ್ತ್ರ, ಮಂಗಳವಾರ ಇತಿಹಾಸ’ ಎಂದು ಬರೆದ ಪಟ್ಟಿ ಬುಧವಾರಕ್ಕೇ ಸಾಯುತ್ತದೆ. ಅದರ ಬದಲು ಹೀಗೆ ಯೋಚಿಸಬೇಕು: ಅಡಚಣೆಯನ್ನು ತಾಳಿಕೊಳ್ಳಲಾರದ ಕೆಲಸ ಯಾವುದು, ತಾಳಿಕೊಳ್ಳಬಲ್ಲ ಕೆಲಸ ಯಾವುದು? ಹೊಸ ಅಧ್ಯಾಯವೊಂದನ್ನು ಮೊದಲ ಬಾರಿಗೆ ಓದುವುದು, ಲೆಕ್ಕದ ಹೊಸ ಬಗೆಯನ್ನು ಬಿಡಿಸುವುದು, ಮುಂಜಾನೆಯ ಪಾಠದ ಟಿಪ್ಪಣಿಯನ್ನು ಅಂದೇ ಸರಿಮಾಡಿ ಬರೆಯುವುದು, ಇವು ಗ್ರಂಥಾಲಯದ ಕೆಲಸಗಳು. ಒಮ್ಮೆ ತಿಳಿದುದನ್ನು ಮತ್ತೆ ಓದುವುದು, ಬರೆದುದನ್ನು ನಕಲು ಮಾಡುವುದು, ಕಥೆ ಕಾದಂಬರಿಯ ಪಠ್ಯಗಳು, ಇವು ಮನೆಯವು. ನಡುವೆ ಯಾರೋ ಕರೆದರೆ ಎದ್ದು ಹೋಗಿ ಬಂದು ಮುಂದುವರಿಸಬಹುದು. ನಿಂತ ಬಸ್ಸಿನಲ್ಲಿ ಪುಸ್ತಕ ತೆರೆಯುವುದು ಆಗದ ಮಾತು. ಆದರೆ ಇಂದಿನ ಪಾಠದ ಮುಖ್ಯ ಅಂಶಗಳು ಯಾವುವೆಂದು ಪಕ್ಕದವನಿಗೆ ಹೇಳಿ ನೋಡುವುದಕ್ಕೆ ಕೂರುವ ಜಾಗ ಬೇಕಿಲ್ಲ.

ಕನ್ನಡ ಅಥವಾ ಮರಾಠಿ ಮಾಧ್ಯಮದಿಂದ ಬಂದು ವಿಜ್ಞಾನವನ್ನೋ ವಾಣಿಜ್ಯವನ್ನೋ ಇಂಗ್ಲಿಷಿನಲ್ಲಿ ಓದಲು ಹೊರಟವರಿಗೆ ಮೇಲಿನ ಲೆಕ್ಕ ಮೊದಲ ಸೆಮಿಸ್ಟರಿನಲ್ಲಿ ಸಾಲದು. ಒಂದು ಪುಟಕ್ಕೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಅವರು ಪಾಠಕ್ಕೆ ಹೋಗುವ ಮುಂಚೆಯೇ ಆ ಪಾಠದ ಹೊಸ ಶಬ್ದಗಳನ್ನು ನೋಡಿಟ್ಟುಕೊಂಡರೆ, ತರಗತಿಯ ಒಂದು ತಾಸು ನಿಜವಾಗಿಯೂ ಒಂದು ತಾಸಾಗುತ್ತದೆ. ಇಲ್ಲವಾದರೆ ಶಬ್ದಗಳ ಬೆನ್ನು ಹತ್ತುವುದರಲ್ಲಿಯೇ ಅದು ತೀರಿಹೋಗುತ್ತದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ ಕಾದಂಬರಿಯನ್ನು ಬರೆದದ್ದು ಇದೇ ಗಡಿನಾಡಿನ ಬದುಕಿನಿಂದ ಎಂದು ಸಾಹಿತ್ಯದ ವಿದ್ಯಾರ್ಥಿಗಳು ಅಭಿಮಾನದಿಂದ ಹೇಳುತ್ತಾರೆ. ಸರಿಯೇ. ಆದರೆ ಎರಡು ಭಾಷೆಗಳ ನಡುವೆ ಬೆಳೆದವರಿಗೆ ಮೂರನೆಯದು ತಾನಾಗಿ ಬರುವುದಿಲ್ಲ. ಅದಕ್ಕೂ ಪಟ್ಟಿಯಲ್ಲಿ ಜಾಗ ಬೇಕು.

ವಾರದ ಪಟ್ಟಿ ಸಿದ್ಧವಾದ ಮೇಲೆ ಅದನ್ನು ವರ್ಷದ ಮೇಲೆ ಹಾಸಿ ನೋಡಬೇಕು. ಪ್ರತಿ ವರ್ಷ ವಿಶ್ವವಿದ್ಯಾಲಯ ಸೆಮಿಸ್ಟರಿನ ಆರಂಭ, ಅಂತ್ಯ, ಪರೀಕ್ಷೆಗಳ ದಿನಾಂಕಗಳನ್ನು ಪ್ರಕಟಿಸುತ್ತದೆ. ನದಿಗಳು ಅದನ್ನು ಓದಿರುವುದಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಕಲ್ಲೋಳ-ಯಡೂರ, ಕಾರದಗಾ-ಭೋಜ, ಜತ್ರಾಟ-ಭಿವಶಿ ಮೊದಲಾದ ತಗ್ಗಿನ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್, 2021ರ ಜುಲೈ ತಿಂಗಳ ಮಹಾಪೂರಗಳನ್ನು ಬಿಡಿ. ಸಾಧಾರಣ ಮಳೆಗಾಲದಲ್ಲಿಯೂ ಹತ್ತು ಕಿಲೋಮೀಟರಿನ ಹಾದಿ ಸುತ್ತುಬಳಸಿನ ಹಾದಿಯಾಗುತ್ತದೆ. ಇಂಥ ಊರಿನವರು ಆ 15 ರಜೆಗಳ ಬಹುಭಾಗವನ್ನು ಮಳೆಗೆಂದೇ ತೆಗೆದಿಡಬೇಕು. ಚಳಿಗಾಲಕ್ಕೆ ಕಬ್ಬಿನ ಹಂಗಾಮು. ಅಥಣಿ, ಉಗಾರ, ಕಾಗವಾಡದ ಹಾದಿಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಸಾಲು ಹಿಡಿದರೆ ಬಸ್ಸು ನಡಿಗೆಯ ವೇಗಕ್ಕೆ ಇಳಿಯುತ್ತದೆ; ಮೊದಲನೆಯ ತಾಸಿನ ವಿಷಯಕ್ಕೆ ಮತ್ತೆ ಪೆಟ್ಟು. ಚಿಂಚಲಿಯ ಮಾಯಕ್ಕನ ಜಾತ್ರೆಯ ದಿನಗಳಲ್ಲಿ ಬಸ್ಸುಗಳು ಅತ್ತ ತಿರುಗುತ್ತವೆ. ಪಂಪಸೆಟ್ಟಿಗೆ ವಿದ್ಯುತ್ತಿನ ಪಾಳಿ ರಾತ್ರಿಗೆ ಬಂದ ವಾರ ಹುಡುಗ ನೀರು ಹಾಯಿಸಲು ಹೋದರೆ ಏಳು ತಾಸಿನ ನಿದ್ರೆ ನಾಲ್ಕಾಗುತ್ತದೆ. ಆ ವಾರ ಹೊಸ ಅಧ್ಯಾಯ ಹಿಡಿಯಬಾರದು; ಕಿರುಪರೀಕ್ಷೆಗಳು ಯಾವ ವಾರ ಬರುತ್ತವೆಂದು ಮೊದಲೇ ಕೇಳಿಟ್ಟುಕೊಂಡರೆ ಪಾಳಿಯನ್ನು ಅಣ್ಣನೊಡನೆ ಬದಲಿಸಿಕೊಳ್ಳಬಹುದು. ಆಂತರಿಕ ಅಂಕಗಳು ಹೋಗುವುದು ಬುದ್ಧಿ ಸಾಲದೆ ಅಲ್ಲ, ಬಹುಪಾಲು ಇಂಥ ನಿದ್ರೆಗೆಟ್ಟ ವಾರಗಳಲ್ಲಿ.

ಕೊನೆಗೆ ಹುಡುಗಿಯರ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ದುಡ್ಡಿಲ್ಲವೆಂಬ ಅಡ್ಡಿ ಹೋಯಿತು. ಹೊತ್ತಿನ ಅಡ್ಡಿ ಉಳಿದಿದೆ. ಹುಡುಗ ಏಳು ಗಂಟೆಗೆ ಮನೆ ಮುಟ್ಟಿದರೆ ಬಸ್ಸು ತಡವಾಯಿತೆನ್ನುತ್ತಾರೆ. ಹುಡುಗಿ ಮುಟ್ಟಿದರೆ ಕಾಲೇಜು ಬಿಡಿಸುವ ಮಾತು ಬರುತ್ತದೆ. ಪ್ರಯೋಗಾಲಯದ ಪಾಳಿ ಮಧ್ಯಾಹ್ನಕ್ಕೆ ಬಿದ್ದ ದಿನ ಅವಳು ಕೊನೆಯ ಅರ್ಧ ತಾಸನ್ನು ಬಿಟ್ಟು ಓಡುತ್ತಾಳೆ. ಕೆಲಸ ಮುಗಿಯುವುದಿಲ್ಲ, ದಾಖಲೆ ಪುಸ್ತಕ ತುಂಬುವುದಿಲ್ಲ. ಇದಕ್ಕೆ ನಾನು ಕಂಡ ಉಪಾಯಗಳಲ್ಲಿ ಫಲ ಕೊಟ್ಟದ್ದು ಬಹಳ ಸರಳವಾದುದು. ಪಟ್ಟಿಯ ಎರಡು ಪ್ರತಿಗಳನ್ನು ಬರೆಯುವುದು. ಒಂದು ತನಗೆ. ಇನ್ನೊಂದು ಮನೆಯ ಬಾಗಿಲ ಹಿಂದಿನ ಗೋಡೆಗೆ. ಅದರಲ್ಲಿ ವಿಷಯಗಳ ಹೆಸರು ಬೇಕಿಲ್ಲ. ಯಾವ ವಾರ ಯಾವ ಬಸ್ಸಿಗೆ ಹೊರಡುವುದು, ಯಾವ ಬಸ್ಸಿಗೆ ಮರಳುವುದು, ಯಾವ ದಿನ ತಡ, ಏಕೆ ತಡ, ಇಷ್ಟೇ ಸಾಕು. ಓದು ಬಾರದ ಅಜ್ಜಿಯಿದ್ದರೆ ತಡವಾಗುವ ದಿನಕ್ಕೆ ಕೆಂಪು ಗೆರೆ. ಬುಧವಾರ ಸಂಜೆ ಅಂಗಳದಲ್ಲಿ ನಿಂತು ದಾರಿ ಕಾಯುವವರಿಗೆ ಬುಧವಾರ ತಡವೆಂಬುದು ಸೋಮವಾರವೇ ಗೊತ್ತಿದ್ದರೆ ಮಾತಿನ ಧ್ವನಿಯೇ ಬೇರೆಯಾಗುತ್ತದೆ. ಸೆಮಿಸ್ಟರಿನ ನಡುವೆ ಪ್ರಯೋಗದ ಪಾಳಿಯೋ ಬಸ್ಸಿನ ವೇಳೆಯೋ ಬದಲಾದರೆ ಗೋಡೆಯ ಹಾಳೆಯನ್ನೂ ಅಂದೇ ಬದಲಿಸಬೇಕು. ಹಳೆಯ ಹಾಳೆ ಹಾಗೆಯೇ ಉಳಿದರೆ ಮಗಳು ಸುಳ್ಳು ಹೇಳಿದಂತೆ ಕಾಣುತ್ತದೆ.